ಮೊದಲು ಕೈಯಲ್ಲಿ ಎಳೆದು ನೋಡಿ

ಡೆಟ್ರಾಯಿಟಿನ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಎರಡನೇ ಮಗು ಹುಟ್ಟಿತು ಅಂದರೆ ಮನೆ ಮುಂದೆ ಮಿನಿವ್ಯಾನ್ ಬಂತು ಅಂತಲೇ ಲೆಕ್ಕ. ಊರಿಂದ ಅಪ್ಪ ಅಮ್ಮ ಬಂದರೆ ಅವರಿಗೂ ಜಾಗ ಬೇಕು. ಇಲ್ಲಿನ ಪಂಪ ಕನ್ನಡ ಕೂಟದ ಕಾರ್ಯಕ್ರಮವಿದ್ದರೆ ಹಾರ್ಮೋನಿಯಂ, ತಬಲ, ನಾಟಕದ ಕಿರೀಟ, ಬಿಸಿಬೇಳೆಬಾತಿನ ಪಾತ್ರೆ ಎಲ್ಲವೂ ಅದರೊಳಗೇ ಹೋಗಬೇಕು. ಹಾಗಾಗಿ ನಾವು ನೆರೆಹೊರೆಯವರು ಬೇಲಿ ಹತ್ತಿರ ನಿಂತರೆ ಚಳಿ, ಮಕ್ಕಳ ಶಾಲೆ, ತೀರ್ಥಹಳ್ಳಿಯಲ್ಲಿ ಮಳೆ ಹಿಡಿಯಿತೋ ಇಲ್ಲವೋ ಇವೆಲ್ಲ ಆದ ಮೇಲೆ ಮಾತು ವ್ಯಾನಿನ ಬಾಗಿಲಿಗೆ ಬಂದೇ ಬರುತ್ತದೆ. ತನ್ನಷ್ಟಕ್ಕೆ ತಾನೇ ಜರುಗುವ ಆ ಬಾಗಿಲು ಒಂದು ದಿನ ಅರ್ಧಕ್ಕೆ ನಿಂತು ಕೂಗತೊಡಗುತ್ತದಲ್ಲ, ಆ ವಿಷಯ.

ನನಗೆ ಈ ಮಾತು ಬಲು ಇಷ್ಟ. ಬಿಡಿಭಾಗ ಮಾಡುವ ಇಲ್ಲಿನ ಕಂಪನಿಯೊಂದರಲ್ಲಿ, ಬಾಗಿಲುಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿ ಬಹಳ ಕಾಲ ದುಡಿದವಳು ನಾನು. ಬಾಗಿಲನ್ನು ಚಳಿಯ ಕೋಣೆಯಲ್ಲಿಟ್ಟು, ಕಾದ ಕೋಣೆಯಲ್ಲಿಟ್ಟು, ದೂಳು ತೂರಿ, ನೀರು ಎರಚಿ ಸಾವಿರಾರು ಸಲ ತೆಗೆದು ಮುಚ್ಚಿಸುವುದು ಅಲ್ಲಿನ ಕೆಲಸ. ಈಗಲೂ ಯಾರ ಮನೆ ಮುಂದೆ ವ್ಯಾನಿನ ಬಾಗಿಲು ಜರುಗಿದರೂ ನನ್ನ ಕಿವಿ ಅತ್ತ ಹೋಗುತ್ತದೆ. ಸದ್ದಿನಲ್ಲೇ ಅರ್ಧ ರೋಗ ತಿಳಿಯುತ್ತದೆ.

ಮಿನಿವ್ಯಾನಿನ ತವರು ಇದೇ ಸೀಮೆ. ಡೆಟ್ರಾಯಿಟ್ ನದಿಯ ಆಚೆ ದಂಡೆಯಲ್ಲಿ ಕೆನಡಾದ ವಿಂಡ್ಸರ್ ಊರಿದೆ. ನಕಾಶೆ ತೆಗೆದು ನೋಡಿ, ಇಲ್ಲಿ ಕೆನಡಾ ನಮ್ಮ ದಕ್ಷಿಣಕ್ಕೆ ಬರುತ್ತದೆ. ಕ್ರೈಸ್ಲರ್ ಕಂಪನಿಯ ಮೊದಲ ಮಿನಿವ್ಯಾನ್ 1983ರ ನವೆಂಬರಿನಲ್ಲಿ ಆ ಊರಿನ ಕಾರ್ಖಾನೆಯಿಂದ ಹೊರಬಂತು. ಆಗ ಅದಕ್ಕೆ ಜಾರುವ ಬಾಗಿಲು ಇದ್ದದ್ದು ಒಂದೇ ಕಡೆ, ಅದನ್ನೂ ಕೈಯಲ್ಲೇ ಎಳೆಯಬೇಕಿತ್ತು. ಚಾಲಕನ ಕಡೆಗೂ ಬಾಗಿಲು ಬಂದದ್ದು 1996ರ ಮಾದರಿಯಲ್ಲಿ. ಗುಂಡಿ ಒತ್ತಿದರೆ ತೆರೆದುಕೊಳ್ಳುವ ಬಾಗಿಲು ಅಮೆರಿಕದ ವ್ಯಾನುಗಳಿಗೆ ಬಂದದ್ದೂ ಆ ತೊಂಬತ್ತರ ದಶಕದಲ್ಲೇ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದ ತಾಯಿಗೆ ಅದೆಷ್ಟು ದೊಡ್ಡ ಉಪಕಾರ ಅನ್ನುವುದು ಹಾಗೆ ನಿಂತವರಿಗೇ ಗೊತ್ತು. ಅದಕ್ಕೇ, ಬಾಗಿಲು ಕೆಟ್ಟಾಗ "ಸ್ವಿಚ್ ಆಫ್ ಮಾಡಿ ಕೈಯಲ್ಲೇ ಎಳ್ಕೊಳ್ಳಿ, ಏನೀಗ" ಅನ್ನುವವರನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ದುಡ್ಡು ಕೊಟ್ಟು ತಂದ ಅನುಕೂಲ ಅದು, ಸರಿಮಾಡಿಕೊಳ್ಳಬೇಕು. ಹಾಗಂತ ಗ್ಯಾರೇಜಿನವರು ಹೇಳಿದ ತಕ್ಷಣ ಮೋಟರಿನ ಇಡೀ ಸೆಟ್ಟನ್ನು ಬದಲಾಯಿಸಿಬಿಡುವುದೂ ಸರಿಯಲ್ಲ.

ಪಕ್ಕದ ಮನೆಯ ಹುಡುಗಿಗೆ ಅದನ್ನೇ ಹೇಳಿದ್ದೆ. ಶಿವಮೊಗ್ಗ ಕಡೆಯವಳು, ಇಬ್ಬರು ಸಣ್ಣ ಮಕ್ಕಳು, ಅತ್ತೆ ಊರಿಂದ ಬಂದಿದ್ದರು. ಬೇಲಿಯ ಮೇಲೆ ಎರಡು ಕೈ ಇಟ್ಟುಕೊಂಡು, "ಅಕ್ಕಾ, ಬಲಗಡೆ ಬಾಗಿಲು ಅರ್ಧ ತೆರ್ಕೊಂಡು ಕೂಗಿ ವಾಪಸ್ ಹೋಗತ್ತೆ. ಗ್ಯಾರೇಜಲ್ಲಿ ಮೋಟರ್ ಹೋಗಿದೆ, ಸಾವಿರದ ಐನೂರು ಡಾಲರ್ ಆಗತ್ತೆ ಅಂದ್ರು," ಅಂದಳು.

"ಅವರು ಬಾಗಿಲನ್ನ ಕೈಯಲ್ಲಿ ಎಳೆದು ನೋಡಿದ್ರೇನಮ್ಮಾ?"

"ಇಲ್ಲ ಅಕ್ಕಾ. ಸ್ಕ್ಯಾನರ್ ಹಾಕಿ ಏನೋ ಕೋಡ್ ಬಂತು ಅಂದ್ರು."

ಇದು ನನ್ನ ಹಳೆಯ ತಕರಾರು. ಸ್ಕ್ಯಾನರಿನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅದಕ್ಕೆ ಗೊತ್ತಿರುವುದು ಬಾಗಿಲು ಅಂದುಕೊಂಡಷ್ಟು ಹೊತ್ತಿಗೆ ಅಂದುಕೊಂಡ ಜಾಗಕ್ಕೆ ಬರಲಿಲ್ಲ ಅನ್ನುವುದು ಮಾತ್ರ. ಯಾಕೆ ಬರಲಿಲ್ಲ? ಮೋಟರು ಸೋತಿತೋ, ಟ್ರ್ಯಾಕಿನಲ್ಲಿ ಕಲ್ಲು ಕೂತಿತೋ, ರೋಲರು ಸವೆಯಿತೋ, ಮಗು ಬೀಳಿಸಿದ ಬಣ್ಣದ ಕಡ್ಡಿ ಸಿಕ್ಕಿಕೊಂಡಿತೋ, ಅದನ್ನು ಕೋಡು ಹೇಳುವುದಿಲ್ಲ. ಕೈ ಹೇಳುತ್ತದೆ.

ಆದರೆ ಕೈ ಹಚ್ಚುವುದಕ್ಕೂ ಮೊದಲು ನೋಡಬೇಕಾದ ಕೆಲವು ಸಣ್ಣ ಸಂಗತಿಗಳಿವೆ. ಎಷ್ಟೋ ಬಾಗಿಲುಗಳ ರೋಗ ಅಲ್ಲೇ ಮುಗಿಯುತ್ತದೆ. ಚಾಲಕನ ಹತ್ತಿರ ಈ ಬಾಗಿಲುಗಳ ವಿದ್ಯುತ್ತನ್ನೇ ನಿಲ್ಲಿಸುವ ಒಂದು ಗುಂಡಿ ಇರುತ್ತದೆ. ಒರೆಸುವಾಗಲೋ, ಮಕ್ಕಳು ಆಡುವಾಗಲೋ ಅದು ಒತ್ತಿಹೋಗಿರುತ್ತದೆ. ಮಕ್ಕಳ ಲಾಕ್ ಹಾಕಿದ್ದರೆ ಒಳಗಿನ ಹಿಡಿ ಎಳೆದರೆ ಬಾಗಿಲು ತೆರೆಯುವುದಿಲ್ಲ, ಹೊರಗಿಂದ ಸರಿಯಾಗಿ ತೆರೆಯುತ್ತದೆ. ಗೇರು ಪಾರ್ಕಿನಲ್ಲಿರಬೇಕು. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಸೋತಿದ್ದರೆ ಎಂಜಿನ್ ಹೇಗೋ ಶುರುವಾಗಬಹುದು, ಬಾಗಿಲು ಮಾತ್ರ ಒಂದು ಗೇಣು ಸರಿದು ನಿಂತುಬಿಡುತ್ತದೆ. ಎರಡೂ ಬಾಗಿಲು ಒಟ್ಟಿಗೇ ಮುಷ್ಕರ ಹೂಡಿದರೆ ನಾನು ಮೊದಲು ನೋಡುವುದು ಬ್ಯಾಟರಿಯನ್ನೇ. ಇನ್ನೊಂದು, ಬ್ಯಾಟರಿ ಕಳಚಿ ಹಾಕಿದ ಮೇಲೆ ಬಾಗಿಲು ತನ್ನ ಅಳತೆ ಮರೆತಿರುತ್ತದೆ. ಒಮ್ಮೆ ಕೈಯಲ್ಲೇ ಪೂರ್ತಿ ಮುಚ್ಚಿ ಲ್ಯಾಚು ಕೂರಿಸಿದರೆ ಎಷ್ಟೋ ವ್ಯಾನುಗಳಲ್ಲಿ ಅದು ಮತ್ತೆ ಲೆಕ್ಕ ಹಿಡಿಯುತ್ತದೆ. ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದ ಮರುದಿನವೇ "ಬಾಗಿಲು ಕೆಟ್ಟಿತು" ಅನ್ನುವವರ ಕಥೆ ಬಹುಪಾಲು ಇದೇ.

ಎಡಬಾಗಿಲೊಂದೇ ತೆರೆಯದಿದ್ದರೆ ಪೆಟ್ರೋಲ್ ಮುಚ್ಚಳ ನೋಡಿ. ಇಲ್ಲಿನ ಬಹಳಷ್ಟು ಮಿನಿವ್ಯಾನುಗಳಲ್ಲಿ ಟ್ಯಾಂಕಿನ ಬಾಯಿ ಎಡಗಡೆ ಇರುತ್ತದೆ. ಪೆಟ್ರೋಲ್ ಹಾಕುವಾಗ ಬಾಗಿಲು ಹಿಂದಕ್ಕೆ ಜರುಗಿ ಪಂಪಿನ ನಳಿಕೆಗೆ ಬಡಿಯಬಾರದಲ್ಲ, ಅದಕ್ಕಾಗಿ ಮುಚ್ಚಳ ತೆರೆದಿದ್ದಾಗ ಬಾಗಿಲನ್ನು ತಡೆಹಿಡಿಯುವ ಒಂದು ಸಣ್ಣ ಕೀಲು ಇಟ್ಟಿರುತ್ತಾರೆ. ಆ ಕೀಲು ತುಕ್ಕು ಹಿಡಿದು ಹೊರಗೇ ಉಳಿದರೆ, ಮುಚ್ಚಳ ಮುಚ್ಚಿದ್ದರೂ ಬಾಗಿಲು ಅಲ್ಲಾಡುವುದಿಲ್ಲ. ಒಂದು ಹನಿ ಎಣ್ಣೆ, ಬೆರಳಿನಿಂದ ನಾಲ್ಕು ಸಲ ಒತ್ತಿ ಬಿಡುವುದು, ಅಷ್ಟಕ್ಕೇ ಸರಿಹೋಗುವ ಕೆಲಸಕ್ಕೆ ಮೋಟರು ಬದಲಾಯಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಇಷ್ಟೂ ನೋಡಿಯಾಯಿತು, ಆದರೂ ಬಾಗಿಲು ಹಟ ಬಿಡಲಿಲ್ಲ ಅಂದರೆ ಆಗ ಕೈ ಹಚ್ಚಬೇಕು. ಚಾಲಕನ ಹತ್ತಿರದ ಆ ಗುಂಡಿಯಿಂದ ವಿದ್ಯುತ್ತು ನಿಲ್ಲಿಸಿ, ಹೊರಗಿನ ಹಿಡಿ ಹಿಡಿದು ಬಾಗಿಲನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಅವಸರ ಮಾಡಬಾರದು. ಎಲ್ಲಿಯೂ ತಡೆಯದೆ ಹಗುರವಾಗಿ ಹೋದರೆ ಟ್ರ್ಯಾಕು, ರೋಲರು ನೆಟ್ಟಗಿವೆ, ಕಾಯಿಲೆ ವಿದ್ಯುತ್ತಿನ ಕಡೆಯದು ಅಂತ ಇಟ್ಟುಕೊಳ್ಳಬಹುದು. ಭಾರವಾದರೆ, ಕರಕರ ಅಂದರೆ, ಎಲ್ಲೋ ಹಿಡಿದು ಬಿಟ್ಟಂತಾದರೆ ತೊಂದರೆ ಕಬ್ಬಿಣದ ಕಡೆಯದು. ಇನ್ನೂ ಒಂದು ಲಕ್ಷಣವಿದೆ, ನನ್ನ ಕೆಲಸದ ದಿನಗಳಿಂದ ನಾನು ಬಹಳ ನಂಬಿಕೊಂಡದ್ದು. ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತರೆ ಆ ಜಾಗದಲ್ಲಿ ಏನೋ ಇದೆ ಅಂತ ಅರ್ಥ. ಇವತ್ತು ಇಲ್ಲಿ, ನಾಳೆ ಅಲ್ಲಿ ನಿಂತರೆ ವೈರು, ವೋಲ್ಟೇಜು, ಸೆನ್ಸರು ಇವುಗಳ ಮೇಲೆ ಕಣ್ಣಿಡಬೇಕು.

ಬಾಗಿಲು ಮೂರು ಕಡೆ ಹಿಡಿದುಕೊಂಡು ಜರುಗುತ್ತದೆ. ಮೇಲೆ ಸೂರಿನ ಅಂಚಿನಲ್ಲಿ ಒಂದು ಟ್ರ್ಯಾಕು, ಕೆಳಗೆ ಕಾಲಿಡುವ ಮೆಟ್ಟಿಲ ಸಂದಿಯಲ್ಲಿ ಒಂದು, ಮತ್ತೆ ವ್ಯಾನಿನ ಹೊರಮೈಯಲ್ಲಿ ಹಿಂದಿನ ಗಾಜಿನ ಕೆಳಗೆ ಉದ್ದಕ್ಕೂ ಗೆರೆ ಎಳೆದ ಹಾಗೆ ಕಾಣುತ್ತದಲ್ಲ, ಅದು ನಡುವಿನದು. ಆ ನಡುವಿನ ಟ್ರ್ಯಾಕಿನಲ್ಲಿ ಓಡುವ ರೋಲರಿಗೆ ಬಾಗಿಲಿನ ಹಿಂಭಾಗದ ಭಾರವೆಲ್ಲ ಬೀಳುತ್ತದೆ. ಟೊಯೋಟಾ ಸಿಯೆನಾ, ಹೋಂಡಾ ಒಡಿಸ್ಸಿಯಂಥ ವ್ಯಾನುಗಳ ಎಷ್ಟೋ ಮಾದರಿಗಳಲ್ಲಿ ಮೋಟರು ಇರುವುದು ಬಾಗಿಲಿನಲ್ಲಲ್ಲ, ಹಿಂಚಕ್ರದ ಮೇಲಿನ ಪಕ್ಕದ ಗೋಡೆಯೊಳಗೆ. ಮೋಟರಿನ ಗಾಲಿಗೆ ಸುತ್ತಿದ ಉಕ್ಕಿನ ಕೇಬಲ್ಲು ಟ್ರ್ಯಾಕಿನ ಎರಡು ತುದಿಗಳಲ್ಲಿ ರಾಟೆಯ ಮೇಲೆ ಹಾಯ್ದು ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಮೋಟರಿನೊಳಗೆ ಒಂದು ಕ್ಲಚ್ ಇದೆ. ವಿದ್ಯುತ್ತಿನಲ್ಲಿ ಓಡುವಾಗ ಅದು ಹಿಡಿದುಕೊಳ್ಳುತ್ತದೆ, ಕೈಯಲ್ಲಿ ಎಳೆಯುವಾಗ ಬಿಟ್ಟುಕೊಡುತ್ತದೆ. ಗುಂಡಿ ಒತ್ತಿದಾಗ ಮೋಟರು ಗುಂಯ್ ಅಂದು ಬಾಗಿಲು ಅಲ್ಲಾಡದಿದ್ದರೆ ಕ್ಲಚ್ಚನ್ನೋ ಕೇಬಲ್ಲನ್ನೋ ನೋಡಬೇಕು. ಟಿಕ್ ಅಂತ ಲ್ಯಾಚು ಬಿಟ್ಟ ಸದ್ದು ಬಂದು ಆಮೇಲೆ ಏನೂ ಇಲ್ಲದಿದ್ದರೆ ಮೋಟರಿಗೆ ವಿದ್ಯುತ್ತು ಬರುತ್ತಿದೆಯೇ, ಫ್ಯೂಸು ಇದೆಯೇ ನೋಡಬೇಕು. ಟಿಕ್ಕೂ ಇಲ್ಲದಿದ್ದರೆ ಹಿಡಿ, ಸ್ವಿಚ್ಚು, ಲಾಕು.

ಪಕ್ಕದ ಮನೆಯ ಬಾಗಿಲನ್ನು ಎಳೆದು ನೋಡಿದೆವು. ಮುಂದಿನ ತುದಿಯಿಂದ ಸಲೀಸಾಗಿ ಬಂತು, ಅರ್ಧ ದಾಟಿದ ಮೇಲೆ ಒಂದು ಜಾಗದಲ್ಲಿ ಕರ್ ಅಂದು ಹಿಡಿಯಿತು. ಹಿಂದಕ್ಕೆ ತಳ್ಳಿ ಮತ್ತೆ ಎಳೆದರೆ ಅಲ್ಲೇ. ಅವಳ ಕೈಯನ್ನೂ ಹಿಡಿಯ ಮೇಲೆ ಇರಿಸಿ ಎಳೆಸಿದೆ. "ಹೌದಲ್ಲ ಅಕ್ಕಾ, ಇಲ್ಲೇ ಚುಚ್ಚಿದಂಗೆ ಆಗತ್ತೆ," ಅಂದಳು. ಟಾರ್ಚು ಹಿಡಿದು ನಡುವಿನ ಟ್ರ್ಯಾಕಿನೊಳಗೆ ಇಣುಕಿದರೆ ಕಾರಣ ಕಣ್ಣಿಗೇ ಕಂಡಿತು. ಕೇಬಲ್ಲು ಸೈಕಲ್ಲಿನ ಬ್ರೇಕ್ ವೈರಿನಷ್ಟು ದಪ್ಪದ್ದು, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ರಾಟೆಯ ಹತ್ತಿರ ಆ ಹೊದಿಕೆ ಸೀಳಿ ಹಿಂದಕ್ಕೆ ಸುರುಳಿ ಸುತ್ತಿಕೊಂಡಿತ್ತು. ಬರಿದಾದ ಉಕ್ಕಿನ ಎಳೆಗಳು ಒಂದೊಂದೇ ತುಂಡಾಗಿ ಸೂಜಿಗಳ ಹಾಗೆ ಎದ್ದು ನಿಂತಿದ್ದವು. ಬಾಗಿಲು ಆ ಜಾಗಕ್ಕೆ ಬಂದಾಗಲೆಲ್ಲ ಎಳೆಗಳು ರಾಟೆಯ ತೋಡಿಗೆ ಸಿಕ್ಕಿಕೊಳ್ಳುತ್ತವೆ. ಮೋಟರಿಗೆ ಹೊರೆ ಏರುತ್ತದೆ. ಯಾವುದೋ ಮಗುವಿಗೆ ಬಾಗಿಲು ತಗಲಿತು ಅಂತ ಯಂತ್ರ ತಿಳಿದುಕೊಂಡು ಕೂಗಿ ಹಿಂದಕ್ಕೆ ಹೋಗುತ್ತದೆ. ಮೋಟರಿನಲ್ಲಿ ಒಂದು ದೋಷವೂ ಇರಲಿಲ್ಲ.

ಬರಿಗೈಯಲ್ಲಿ ಮುಟ್ಟಬೇಡಮ್ಮಾ ಅಂತ ಹೇಳುವಷ್ಟರಲ್ಲಿ ಅವಳ ಅತ್ತೆ ಒಳಗಿಂದ ತೋಟದ ಕೈಗವಸು ತಂದುಕೊಟ್ಟರು. ಆ ಎಳೆಗಳು ಬೆರಳಿಗೆ ಹೊಕ್ಕರೆ ತೆಗೆಯುವುದು ಕಷ್ಟ, ಗವಸು ಹಾಕಿಯೇ ಕೆಲಸ ಮಾಡಬೇಕು.

ಗ್ಯಾರೇಜುಗಳು ಇಡೀ ಮೋಟರಿನ ಸೆಟ್ಟನ್ನೇ ಬದಲಾಯಿಸುವುದಕ್ಕೂ ಒಂದು ಕಾರಣವಿದೆ, ಅದನ್ನೂ ಹೇಳಿಬಿಡಬೇಕು. ಕಂಪನಿಯವರು ಹಲವು ಮಾದರಿಗಳಿಗೆ ಕೇಬಲ್ಲು, ಗಾಲಿ, ಮೋಟರು, ಕ್ಲಚ್ಚು ಎಲ್ಲ ಸೇರಿಸಿ ಒಂದೇ ಭಾಗವಾಗಿ ಮಾರುತ್ತಾರೆ. ಕೇಬಲ್ಲೊಂದನ್ನೇ ಕೊಡುವವರು ಹೊರಗಿನ ಬಿಡಿಭಾಗದ ಅಂಗಡಿಯವರು. ಕೇಬಲ್ಲಿನ ಬೆಲೆ ಕಡಿಮೆ, ಆದರೆ ಹಾಕುವ ಶ್ರಮ ಜಾಸ್ತಿ. ಗಂಟೆಗೆ ಕೂಲಿ ಎಣಿಸುವ ಗ್ಯಾರೇಜಿಗೆ ಇಡೀ ಸೆಟ್ಟು ಹಾಕಿ ಗ್ಯಾರಂಟಿ ಕೊಡುವುದು ಸುಲಭ. ಅದರಲ್ಲಿ ಮೋಸ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಕೇಬಲ್ಲೊಂದೇ ಹಾಕಿದರೂ ಆಗುತ್ತದೆ ಅನ್ನುವ ಮಾತನ್ನು ಗಿರಾಕಿಗೆ ಹೇಳದೆ ಬಿಡುವುದು ತಪ್ಪು. "ಮೋಟರು ಚೆನ್ನಾಗಿದೆಯಾ? ಕೇಬಲ್ಲು ಮಾತ್ರ ಹಾಕ್ತೀರಾ?" ಅಂತ ನಾವೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಒಪ್ಪುವ ಸಣ್ಣ ಗ್ಯಾರೇಜುಗಳಿವೆ.

ಆ ಶನಿವಾರ ಅವಳ ಗಂಡನೂ ನಾನೂ ಸೇರಿ ಕೆಲಸಕ್ಕೆ ಕೂತೆವು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಕೆಲವು ನಿಮಿಷ ಸುಮ್ಮನೆ ಕಾಯಬೇಕು, ಸೂರಿನ ಅಂಚಿನಲ್ಲಿ ಏರ್‌ಬ್ಯಾಗು ಮಡಚಿಟ್ಟಿರುತ್ತದೆ, ಅದರ ಹತ್ತಿರ ವಿದ್ಯುತ್ತು ಇಟ್ಟುಕೊಂಡು ಆಟವಾಡಬಾರದು. ಒಳಗಿನ ಪ್ಲಾಸ್ಟಿಕ್ ಹಲಗೆ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಲೋಹದ ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಒಡೆಯುತ್ತದೆ, ಪ್ಲಾಸ್ಟಿಕ್ಕಿನ ಮೀಟುಗೋಲು ಬೇಕು. ಹಲಗೆ ತೆಗೆದರೆ ಗೋಡೆಗೆ ಬೋಲ್ಟು ಹಾಕಿದ ಮೋಟರು, ಅದರ ಪಕ್ಕದಲ್ಲಿ ಕೇಬಲ್ಲಿನ ಎರಡು ತುದಿ ಹೊರಗೆ ಹೋಗುವ ರಬ್ಬರು ತೂತು. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆಸಿದೆ. ಗಾಲಿಯ ಮೇಲೆ ಕೇಬಲ್ಲು ಯಾವ ತೋಡಿನಲ್ಲಿ ಎತ್ತ ಸುತ್ತಿದೆ, ತೆರೆಯುವ ಕೇಬಲ್ಲು ಯಾವುದು, ಮುಚ್ಚುವುದು ಯಾವುದು ಅನ್ನುವುದು ತಪ್ಪಿದರೆ ಬಾಗಿಲು ಬಿಗಿದುಕೊಂಡು ನಿಲ್ಲುತ್ತದೆ. ಹೊಸ ಕೇಬಲ್ಲನ್ನು ತೋಡಿಗೆ ಕೂರಿಸುವಾಗ ಒಬ್ಬರು ಎಳೆದು ಹಿಡಿದಿರಬೇಕು, ಇನ್ನೊಬ್ಬರು ಗಾಲಿ ತಿರುಗಿಸಬೇಕು, ಸಡಿಲ ಬಿಟ್ಟರೆ ಒಂದರ ಮೇಲೊಂದು ಹತ್ತಿಬಿಡುತ್ತದೆ. ಬಹಳ ಹೊತ್ತು ಹಿಡಿದ ಭಾಗ ಅದೇ. ಎಲ್ಲ ಕೂಡಿಸಿದ ಮೇಲೆ ಮೊದಲು ಕೈಯಲ್ಲೇ ತುದಿಯಿಂದ ತುದಿಗೆ ಹಲವು ಸಲ ಓಡಿಸಿ, ಪೂರ್ತಿ ಮುಚ್ಚಿ, ಆಮೇಲೆ ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದೆವು. ತೊಡಕಿಲ್ಲದೆ ತೆರೆಯಿತು. ಅವಳ ಅತ್ತೆ ಚಹಾ, ಕೋಡುಬಳೆ ತಂದರು.

ಎಲ್ಲರೂ ಮನೆಯಲ್ಲೇ ಇದನ್ನು ಮಾಡಿ ಅಂತ ನಾನು ಹೇಳುತ್ತಿಲ್ಲ. ಕೈಗೆ ಅಭ್ಯಾಸವಿಲ್ಲದವರು ಮಾಡಿಸಿಕೊಳ್ಳಲಿ. ಆದರೆ ಏನು ಕೆಟ್ಟಿದೆ ಅಂತ ತಿಳಿದುಕೊಂಡು ಗ್ಯಾರೇಜಿಗೆ ಹೋಗುವುದಕ್ಕೂ ತಿಳಿಯದೆ ಹೋಗುವುದಕ್ಕೂ ಬಿಲ್ಲಿನಲ್ಲಿ ಅಜಗಜಾಂತರ ಇದೆ. ಕೇಬಲ್ಲು ತುಂಡಾಗಿ ಬಾಗಿಲು ತೆರೆದೇ ನಿಂತುಬಿಟ್ಟಿತು ಅನ್ನಿ. ಗಾಬರಿಯಾಗಬೇಡಿ. ವಿದ್ಯುತ್ತು ನಿಲ್ಲಿಸಿ, ಬಾಗಿಲಿನ ನಡುವಿನ ರೋಲರು ಹೊತ್ತ ತೋಳಿಗೆ ಕೇಬಲ್ಲನ್ನು ಹಿಡಿದಿರುವ ಬೋಲ್ಟು ಬಿಚ್ಚಿ ಕೇಬಲ್ಲನ್ನು ಬೇರೆ ಮಾಡಿದರೆ ಅದು ಕೈಯಲ್ಲಿ ಎಳೆಯುವ ಸಾದಾ ಬಾಗಿಲಾಗುತ್ತದೆ. ಮನೆ ಸೇರಿದ ಮೇಲೆ ಮುಂದಿನ ಮಾತು.

ರೋಲರಿನ ಕಥೆ ಬೇರೆ. ನಡುವಿನ ರೋಲರಿನ ಬೇರಿಂಗು ಸವೆದರೆ ಬಾಗಿಲಿನ ಹಿಂದಿನ ಮೂಲೆ ತುಸು ಕೆಳಗೆ ಬೀಳುತ್ತದೆ. ಮುಚ್ಚುವಾಗ ದಡ್ ಅನ್ನುತ್ತದೆ, ಲ್ಯಾಚು ತನ್ನ ಕೊಂಡಿಗೆ ನೆಟ್ಟಗೆ ಕೂರುವುದಿಲ್ಲ, ಕೂರದಿದ್ದರೆ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ಬಾಗಿಲನ್ನು ಅರ್ಧ ತೆರೆದು ಹಿಂದಿನ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿ. ಟಕಟಕ ಅಂತ ಆಡಿದರೆ ರೋಲರಿನ ಆಯುಷ್ಯ ಮುಗಿದಿದೆ. ಅದು ದುಬಾರಿ ಭಾಗವಲ್ಲ, ಆದರೆ ಬಾಗಿಲಿಗೆ ಆಸರೆ ಕೊಟ್ಟು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕೇ ಬೇಕು.

ಇಲ್ಲಿಯ ಟ್ರ್ಯಾಕುಗಳಿಗೆ ದೊಡ್ಡ ಶತ್ರು ಉಪ್ಪು. ಡೆಟ್ರಾಯಿಟ್ ಊರಿನ ಕೆಳಗೇ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ ಇದ್ದ ಸಮುದ್ರ ಬಿಟ್ಟುಹೋದ ಉಪ್ಪಿನ ಗಣಿ ಇದೆ. ಹಿಮ ಬಿದ್ದಾಗ ರಸ್ತೆಗೆ ಸುರಿಯುವುದು ಅಂಥ ಕಲ್ಲುಪ್ಪನ್ನೇ. ಬೂಟಿಗೆ ಅಂಟಿಕೊಂಡು ಬಂದ ಹಿಮದ ಜೊತೆಗೆ ಅದು ಮೆಟ್ಟಿಲ ಸಂದಿಯ ಕೆಳಟ್ರ್ಯಾಕಿಗೆ ಇಳಿಯುತ್ತದೆ. ಹಿಮ ಕರಗುತ್ತದೆ, ಉಪ್ಪು ಉಳಿಯುತ್ತದೆ, ಕಬ್ಬಿಣ ತಿನ್ನುತ್ತದೆ. ಅದರ ಮೇಲೆ ಕೆಲವರು ಹಳದಿ ಗ್ರೀಸನ್ನು ಧಾರಾಳವಾಗಿ ಬಳಿಯುತ್ತಾರೆ. ಮರಳು, ಉಪ್ಪು, ಮಕ್ಕಳ ಬಿಸ್ಕತ್ತಿನ ಚೂರು ಎಲ್ಲ ಆ ಗ್ರೀಸಿಗೆ ಹಿಡಿದು ಗಟ್ಟಿ ಮೆತ್ತೆಯಾಗಿ ರೋಲರನ್ನು ಉಜ್ಜಿ ಸವೆಸುತ್ತದೆ. ನಾನು ಹೇಳುವುದು ಮೊದಲು ಒರೆಸಿ ಅಂತ. ಹಳೇ ಹಲ್ಲುಜ್ಜುವ ಬ್ರಷ್ಷು, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸಾಕು. ಕೆಳಟ್ರ್ಯಾಕಿನಲ್ಲಿ ನೀರು ಇಳಿಯುವ ತೂತು ಕಟ್ಟಿದ್ದರೆ ಬಿಡಿಸಿ. ಚೆನ್ನಾಗಿ ಒಣಗಿದ ಮೇಲೆ ರೋಲರಿಗೂ ಲ್ಯಾಚಿಗೂ ಬಿಳಿ ಲಿಥಿಯಂ ಗ್ರೀಸು ತೆಳ್ಳಗೆ, ರಬ್ಬರಿನ ಅಂಚಿಗೆ ಸಿಲಿಕೋನ್ ಸ್ಪ್ರೇ. ರಬ್ಬರು ಒಣಗಿದ್ದರೆ ನೀರು ಅದರ ಮೇಲೆ ಹೆಪ್ಪುಗಟ್ಟಿ ಬಾಗಿಲನ್ನು ಅಂಟಿಸಿಬಿಡುತ್ತದೆ. ಹಾಗೆ ಅಂಟಿದಾಗ ಗುಂಡಿ ಮೇಲಿಂದ ಮೇಲೆ ಒತ್ತಬಾರದು. ಅಂಗೈಯಿಂದ ಅಂಚಿನುದ್ದಕ್ಕೂ ತಟ್ಟಿ ಮಂಜು ಬಿಡಿಸಿದ ಮೇಲೆ ಒತ್ತಬೇಕು.

ಇದು ಅಮೆರಿಕದ ಮಾತು ಮಾತ್ರ ಅಂದುಕೊಳ್ಳಬೇಡಿ. 2020ರಲ್ಲಿ ಕಿಯಾ ಕಾರ್ನಿವಲ್, ಟೊಯೋಟಾ ವೆಲ್‌ಫೈರ್ ಭಾರತಕ್ಕೆ ಬಂದ ಮೇಲೆ ಬೆಂಗಳೂರಿನ ರಸ್ತೆಯಲ್ಲೂ ಇಂಥ ಬಾಗಿಲುಗಳು ಓಡಾಡುತ್ತಿವೆ. ಅಲ್ಲಿ ಉಪ್ಪಿನ ಬದಲು ದೂಳು. ಮಲೆನಾಡಿಗೆ ಹೋಗಿ ಬಂದರೆ ಕೆಮ್ಮಣ್ಣು. ಮದ್ದು ಅದೇ, ಒರೆಸುವುದು.

ನಮ್ಮ ಊರಿನ ಹಿರಿಯರಿಗೆ ಜಾರುವ ಬಾಗಿಲು ಅಂದರೆ ಮಾರುತಿ ಓಮ್ನಿ. 1984ರಿಂದ 2019ರವರೆಗೆ ತಯಾರಾದ ಆ ವ್ಯಾನಿನ ಬಾಗಿಲನ್ನು ಜೋರಾಗಿ ಎಳೆದು ದಢಾರನೆ ಹಾಕಬೇಕಿತ್ತು, ಮೆಲ್ಲಗೆ ಎಳೆದರೆ ಲಾಕು ಬೀಳುತ್ತಿರಲಿಲ್ಲ. ಆ ಅಭ್ಯಾಸದ ಕೈ ಇಲ್ಲಿಯ ಬಾಗಿಲನ್ನೂ ಹಾಗೇ ಎಳೆಯುತ್ತದೆ. ಮೋಟರು ಒಂದು ಕಡೆ ಎಳೆಯುತ್ತಿರುವಾಗ ನಾವು ಜೋರಾಗಿ ಇನ್ನೊಂದು ಕಡೆ ಎಳೆದರೆ ಕ್ಲಚ್ಚೂ ಕೇಬಲ್ಲೂ ಸವೆಯುತ್ತವೆ. ಪಕ್ಕದ ಮನೆಯವಳ ಅತ್ತೆಗೆ ನಾನು ತೋರಿಸಿಕೊಟ್ಟೆ. "ಹಿಡಿಯನ್ನ ಒಂದ್ಸಲ ಮೆಲ್ಲಗೆ ಎಳೆದು ಬಿಟ್ಟುಬಿಡಿ ಅಮ್ಮಾ, ಮಿಕ್ಕಿದ್ದು ಅದೇ ಮಾಡ್ಕೊಳ್ಳತ್ತೆ." ಅವರು ಎರಡು ಸಲ ಮಾಡಿ ನೋಡಿ, "ಇಷ್ಟೇಯಾ ಮಗಳೇ, ಮೊದ್ಲೇ ಯಾರಾದ್ರೂ ಹೇಳ್ಬಾರ್ದಿತ್ತಾ," ಅಂದರು. ಅವರ ಮಾತು ನ್ಯಾಯ. ವಿಮಾನ ನಿಲ್ದಾಣದಿಂದ ಕರೆತರುವ ದಿನವೇ ಹಿರಿಯರಿಗೆ ಇದನ್ನು ಹೇಳಿಕೊಡಬೇಕು.

ಇನ್ನು ವಿದ್ಯುತ್ತಿನ ಕಡೆಯ ಕಾಯಿಲೆ. ಹಳೆಯ ಕೆಲವು ವ್ಯಾನುಗಳಲ್ಲಿ ಬಾಗಿಲಿಗೆ ವಿದ್ಯುತ್ತು ಹೋಗುವುದು ಬಾಗಿಲ ಚೌಕಟ್ಟಿನ ಕಂಬದ ಮೇಲಿನ ಹಿತ್ತಾಳೆಯ ಸಣ್ಣ ಗುಬ್ಬಿಗಳ ಮೂಲಕ, ಅವುಗಳಿಗೆ ಕಿಲುಬು ಹಿಡಿದಿದ್ದರೆ ಒರೆಸಿದರೆ ಆಯಿತು. ಹೊಸದರಲ್ಲಿ ಮೆಟ್ಟಿಲ ಹತ್ತಿರ ಸರಪಳಿಯಂತೆ ಮಡಚಿಕೊಳ್ಳುವ ಪ್ಲಾಸ್ಟಿಕ್ ಕೊಳವೆಯಲ್ಲಿ ವೈರುಗಳು ಹೋಗುತ್ತವೆ. ದಿನಕ್ಕೆ ಹತ್ತಾರು ಸಲ ಮಡಚಿ ಬಿಚ್ಚಿ ಒಳಗಿನ ತಾಮ್ರ ತುಂಡಾಗುತ್ತದೆ, ಹೊರಗಿನ ಹೊದಿಕೆ ಮಾತ್ರ ನೆಟ್ಟಗೇ ಕಾಣುತ್ತದೆ. ಬಾಗಿಲು ಒಂದು ಜಾಗದಲ್ಲಿದ್ದಾಗ ಅದರ ಕಿಟಕಿಯೋ ಲಾಕೋ ಕೆಲಸ ಮಾಡಿ, ಇನ್ನೊಂದು ಜಾಗದಲ್ಲಿ ಮಾಡದಿದ್ದರೆ ಈ ವೈರನ್ನೇ ಶಂಕಿಸಿ. ಮಲ್ಟಿಮೀಟರಿನ ಎರಡು ಕಡ್ಡಿ ವೈರಿನ ಎರಡು ತುದಿಗೆ ಹಿಡಿದು ಇನ್ನೊಬ್ಬರಿಂದ ಬಾಗಿಲು ಮೆಲ್ಲಗೆ ಜರುಗಿಸಿ, ಬೀಪ್ ಸದ್ದು ಎಲ್ಲಿ ಕಡಿಯಿತು ಅಂತ ಕೇಳಿ.

ಲ್ಯಾಚಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ. ಬಾಗಿಲು ಪೂರ್ತಿ ಮುಚ್ಚುವ ಹೊತ್ತಿಗೆ ಲ್ಯಾಚಿನ ಕೊಕ್ಕೆ ಅರ್ಧ ಹಿಡಿದುಕೊಳ್ಳುತ್ತದೆ, ಆಮೇಲೆ ಒಂದು ಸಣ್ಣ ಮೋಟರು ಅದನ್ನು ಒಳಕ್ಕೆ ಬಿಗಿಯುತ್ತದೆ. ಮುಚ್ಚಿದ ಬಾಗಿಲು ಬಿಗಿಯದೆ ಮತ್ತೆ ತೆರೆದುಕೊಳ್ಳುತ್ತಿದ್ದರೆ, ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರಿನ ಹಿಡಿಯಿಂದ ಆ ಕೊಕ್ಕೆಯನ್ನು ಒತ್ತಿ ನೋಡಿ. ಝುಂಯ್ ಅಂತ ಅದು ತಾನೇ ಬಿಗಿದುಕೊಂಡರೆ ಲ್ಯಾಚು ಸರಿ ಇದೆ, ಕೊಂಡಿ ಸರಿದಿರಬೇಕು ಅಥವಾ ರೋಲರು ಬಿದ್ದಿರಬೇಕು. ಸುಮ್ಮನಿದ್ದರೆ ಲ್ಯಾಚಿನೊಳಗಿನ ಸ್ವಿಚ್ಚೋ ಮೋಟರೋ ಹೋಗಿದೆ. ಬೆರಳನ್ನು ಮಾತ್ರ ಒಳಗೆ ಇಡಬೇಡಿ. ಪರೀಕ್ಷೆ ಆದ ಮೇಲೆ ಬಾಗಿಲಿನ ಹಿಡಿ ಎಳೆದು ಕೊಕ್ಕೆಯನ್ನು ಬಿಡಿಸಿ, ಆಮೇಲಷ್ಟೇ ಮುಚ್ಚಿ. ಬಿಡಿಸದೆ ಮುಚ್ಚಿದರೆ ಕೊಕ್ಕೆ ಕೊಂಡಿಗೆ ಬಡಿದು ಎರಡೂ ಹಾಳು.

ಬಾಗಿಲಿನ ಮುಂದಿನ ಅಂಚಿನುದ್ದಕ್ಕೂ ರಬ್ಬರಿನ ಪಟ್ಟಿ ಇದೆಯಲ್ಲ, ಅದರೊಳಗೆ ಸೆನ್ಸರಿನ ತಂತಿಗಳಿವೆ. ಬೆರಳೋ ಬ್ಯಾಗಿನ ಪಟ್ಟಿಯೋ ಒತ್ತಿದರೆ ಬಾಗಿಲು ಹಿಂದಕ್ಕೆ ಹೋಗುವುದು ಅದರಿಂದಲೇ. ಅದು ಹರಿದು ನೀರು ಹೊಕ್ಕರೆ ಬಾಗಿಲು ಸುಮ್ಮನೆ ಕೂಗಿ ವಾಪಸ್ಸಾಗುತ್ತದೆ. ಆಗ ಕೆಲವರು ಆ ಸೆನ್ಸರನ್ನೇ ತಪ್ಪಿಸಿ ವೈರು ಜೋಡಿಸಿಬಿಡುತ್ತಾರೆ. ದಯವಿಟ್ಟು ಬೇಡ. ಸಣ್ಣ ಮಕ್ಕಳ ಬೆರಳಿಗೆ ಇರುವ ಕಾವಲು ಅದು. ಪಟ್ಟಿ ಬದಲಾಯಿಸುವವರೆಗೂ ಬಾಗಿಲನ್ನು ಕೈಯಲ್ಲೇ ಎಳೆದುಕೊಂಡರೆ ನಷ್ಟವೇನಿಲ್ಲ.

ಬಾಗಿಲು ತೆರೆಯದಿರುವುದು ತೊಂದರೆ, ಆದರೆ ಓಡುವಾಗ ತೆರೆದುಕೊಳ್ಳುವುದು ಅಪಾಯ. 2016ರ ನವೆಂಬರಿನಲ್ಲಿ ಟೊಯೋಟಾ ಕಂಪನಿ 2011ರಿಂದ 2016ರವರೆಗಿನ ಮಾದರಿಯ ಏಳು ಲಕ್ಷಕ್ಕೂ ಮೀರಿದ ಸಿಯೆನಾಗಳನ್ನು ದುರಸ್ತಿಗೆ ವಾಪಸ್ ಕರೆಯಿತು, ಅಂದರೆ ರೀಕಾಲ್ ಮಾಡಿತು. ಬಾಗಿಲು ತೆರೆಯಲು ಅಡ್ಡಿಯಾದಾಗ ಮೋಟರಿಗೆ ವಿದ್ಯುತ್ತು ಅತಿಯಾಗಿ ಹರಿದು ಫ್ಯೂಸು ಹೋಗಬಹುದಿತ್ತು. ಲ್ಯಾಚು ಬಿಟ್ಟ ಸ್ಥಿತಿಯಲ್ಲೇ ಫ್ಯೂಸು ಹೋದರೆ ಓಡುವ ವ್ಯಾನಿನಲ್ಲಿ ಬಾಗಿಲು ತೆರೆದುಕೊಳ್ಳಬಹುದಿತ್ತು. 2018ರ ಕೊನೆಯಲ್ಲಿ ಹೋಂಡಾ ಹೊಸ ಒಡಿಸ್ಸಿಗಳ ಲ್ಯಾಚು ಬದಲಾಯಿಸಲು ಕರೆಯಿತು. 2020ರಲ್ಲಿ ಮತ್ತೆ 2018ರಿಂದ 2020ರ ಮಾದರಿಗಳನ್ನು ಕರೆಯಿತು, ಹೊರಹಿಡಿಯ ಕೇಬಲ್ಲಿಗೆ ನೀರು ಹೊಕ್ಕು ಚಳಿಗೆ ಹೆಪ್ಪುಗಟ್ಟಿದರೆ ಬಾಗಿಲು ಲ್ಯಾಚು ಹಿಡಿಯದೆ ಉಳಿಯುತ್ತಿತ್ತು. ಆದ್ದರಿಂದ ಡ್ಯಾಷ್‌ಬೋರ್ಡಿನಲ್ಲಿ ಬಾಗಿಲು ತೆರೆದಿದೆ ಅನ್ನುವ ಕೆಂಪು ದೀಪ ಉರಿಯುತ್ತಿದ್ದರೆ "ಅದು ಸೆನ್ಸರ್ ಬಿಡಿ, ಯಾವಾಗ್ಲೂ ಹಾಗೇ" ಅನ್ನುತ್ತ ಹೆದ್ದಾರಿಗೆ ಇಳಿಯಬಾರದು. ಇಳಿದು ಹೋಗಿ ಬಾಗಿಲನ್ನು ಕೈಯಿಂದ ಹೊರಕ್ಕೆ ಎಳೆದು ನೋಡಬೇಕು. ಬಿಟ್ಟುಕೊಂಡರೆ ಆ ಕಡೆ ಮಗುವನ್ನು ಕೂರಿಸಬಾರದು, ವ್ಯಾನನ್ನು ದುರಸ್ತಿಗೇ ಒಯ್ಯಬೇಕು.

ಪಕ್ಕದ ಮನೆಯವಳಿಗೆ ಕೊನೆಗೆ ಹೇಳಿದ ಮಾತನ್ನು ನಿಮಗೂ ಹೇಳುತ್ತೇನೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ ನಿಮ್ಮ ವ್ಯಾನಿನ 17 ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಹಾಕಿದರೆ ಬಾಕಿ ಇರುವ ರೀಕಾಲುಗಳು ತಕ್ಷಣ ಕಾಣುತ್ತವೆ. ಆ ಸಂಖ್ಯೆ ಚಾಲಕನ ಕಡೆಯ ಮುಂಗಾಜಿನ ಕೆಳಮೂಲೆಯಲ್ಲಿ ಬರೆದಿರುತ್ತದೆ. ಹಳೇ ವ್ಯಾನು ಕೊಂಡವರಾದರೆ ಮೊದಲ ಮಾಲೀಕರು ಆ ದುರಸ್ತಿ ಮಾಡಿಸಿದ್ದಾರೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ, ಆದ್ದರಿಂದ ನೀವೇ ನೋಡಿಕೊಳ್ಳಿ. ರೀಕಾಲಿನ ಸೂಚನೆ ಹೊರಟಾಗ ವ್ಯಾನು ಮೊದಲ ಸಲ ಮಾರಾಟವಾಗಿ 15 ವರ್ಷ ಆಗಿರದಿದ್ದರೆ ರೀಕಾಲಿನ ದುರಸ್ತಿಗೆ ಕಂಪನಿ ಒಂದು ಸೆಂಟನ್ನೂ ಕೇಳುವಂತಿಲ್ಲ. ಗ್ಯಾರೇಜಿಗೆ ಹಣ ಕೊಡುವ ಮೊದಲು ಇದನ್ನು ನೋಡಿ.